ಏಡತ್ತಿಯ ಪಾಲಿನ ಅಂಗಳ

ಪಯ್ಯನ್ನೂರಿನಲ್ಲಿ ನಾನು ಮೇಷ್ಟರಾಗಿದ್ದಾಗ ನನ್ನ ಬಾಡಿಗೆ ಮನೆಯ ಎದುರಿಗೆ, ಒಂದೇ ಅಂಗಳದಲ್ಲಿ, ಅಣ್ಣತಮ್ಮಂದಿರ ಎರಡು ಮನೆಗಳಿದ್ದವು. ಅಣ್ಣ ಕುಂಞಿರಾಮನ್‌ನ ಹೆಂಡತಿ ನಾರಾಯಣಿ. ತಮ್ಮನ ಹೆಂಡತಿ ರೋಹಿಣಿ; ಅವಳಿಗೆ ನಾರಾಯಣಿ ‘ಏಡತ್ತಿ’, ಅಂದರೆ ಅಕ್ಕ. ಮನೆ ಪಾಲಾಗುವಾಗ ಉರುಳಿ ಎಂಬ ಒಂದು ಕಂಚಿನ ಪಾತ್ರೆಯ ದೆಸೆಯಿಂದ ಈ ಓರಗಿತ್ತಿಯರಿಗೆ ಮಾತಿಗೆ ಮಾತು ಬೆಳೆದು, ಆಮೇಲೆ ಮಾತೇ ನಿಂತುಹೋಗಿತ್ತು.

ರೋಹಿಣಿ ಕಾಗೆ ಕೂಗುವ ಮೊದಲೇ ಎದ್ದು, ನೀರು ಚಿಮುಕಿಸಿ, ತೆಂಗಿನ ಕಡ್ಡಿಯ ಪೊರಕೆ ಹಿಡಿದು ಹಿಂದಕ್ಕೆ ಹೆಜ್ಜೆಯಿಡುತ್ತ ತನ್ನ ಪಾಲಿನ ಅಂಗಳ ಗುಡಿಸುವಳು. ತನ್ನ ಕಾಲಿನ ಗುರುತು ಕೂಡ ಉಳಿಯಬಾರದು. ಅದಾದ ಮೇಲೆಯೇ ಸ್ನಾನ, ಒಲೆ, ಪುಟ್ಟು, ಕಡಲೆ. “ಅಂಗಳ ಗುಡಿಸದ ದಿನ ತಲೆಯೊಳಗೂ ಕಸ ಇದ್ದ ಹಾಗಾಗುತ್ತೆ, ಮಾಷೆ” ಎನ್ನುವಳು. ನಾರಾಯಣಿಯೂ ಅವಳಿಗೆ ಕಡಿಮೆಯಲ್ಲ. ಆಚೆ ಒಂದು ಪೊರಕೆ, ಈಚೆ ಒಂದು ಪೊರಕೆ. ಅದೇ ನಮ್ಮ ಓಣಿಯ ಸುಪ್ರಭಾತ.

ಒಂದು ವರ್ಷ ನಾರಾಯಣಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಗಬೇಕೆಂದರು. ನೋವಿನಿಂದ ಮೂರು ದಿನ ಗುಡಿಸಲಾಗದೆ, ಅವಳ ಪಾಲಿನ ಅಂಗಳದ ತುಂಬ ಹಲಸಿನ ಎಲೆ. ನಾಲ್ಕನೆಯ ದಿನ ಬೆಳಿಗ್ಗೆ ಜೀಪು ಬಂದು ಅವಳನ್ನು ಕಣ್ಣೂರಿನ ಆಸ್ಪತ್ರೆಗೆ ಒಯ್ದಿತು. ರೋಹಿಣಿ ಬಾಗಿಲ ಸಂದಿಯಿಂದ ನೋಡುತ್ತಿದ್ದವಳು, ಜೀಪಿನ ಧೂಳು ಅಡಗುವ ಮೊದಲೇ ಪೊರಕೆ ಹಿಡಿದು ಆಚೆಯ ಪಾಲಿಗೆ ಹೋದಳು. ಅಭ್ಯಾಸವೆಂಬುದು ಒಳ್ಳೆಯದೇ, ಆದರೆ ಅದು ತಲೆಯೆತ್ತಿ ನೋಡುವುದಿಲ್ಲ.

ಅರ್ಧ ಗುಡಿಸಿರಬೇಕು, ಹಾಲಿನ ದೇವು ಬಂದವಳೇ ಎದೆಗೆ ಕೈಯಿಟ್ಟುಕೊಂಡಳು.

“ಅಯ್ಯೋ, ಹೋದವಳ ಬೆನ್ನಿಗೇ ಪೊರಕೆ ಹಿಡಿದ್ಯಲ್ಲೇ! ಹೆಣ ಎತ್ತಿದ ಮೇಲೆ ಗುಡಿಸೋ ಹಾಗೆ!”

ರೋಹಿಣಿ ಗುಡಿಸುವುದನ್ನು ಅಲ್ಲಿಗೇ ಬಿಟ್ಟು ಒಳಗೆ ಹೋದಳು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಬಟ್ಟೆ ಒಯ್ಯಲು ಬಂದ ಕುಂಞಿರಾಮನ್ ಅಂಗಳದಲ್ಲಿ ನಿಂತು ಕೂಗಿದ: “ನನ್ನ ಹೆಂಡತೀನ ಗುಡಿಸಿಹಾಕೋಕೆ ಅಷ್ಟು ಅವಸರವಾಗಿತ್ತೇನೇ ನಿನಗೆ?”

ರೋಹಿಣಿ ನನ್ನ ಜಗಲಿಗೆ ಬಂದು ಕುಳಿತಳು. “ಏಡತ್ತಿಗೆ ಏನಾದರೂ ಆದರೆ ನಾನೇ ಕೊಂದೆ ಅಂತಾರೆ, ಮಾಷೆ. ಅವರು ಅನ್ನೋದಿರಲಿ, ನನಗೇ ಹಾಗನ್ನಿಸಿದರೆ?”

ಅದೆಲ್ಲ ಮೂಢನಂಬಿಕೆ ಎಂದೆ. ಆ ಮಾತು ಅವಳ ಕಿವಿಗೂ ತಾಗಲಿಲ್ಲ.

ಮರುದಿನದಿಂದ ಅವಳು ತನ್ನ ಅಂಗಳವನ್ನೂ ಗುಡಿಸಲಿಲ್ಲ. ಪೊರಕೆಯ ಸದ್ದಿಲ್ಲದೆ ನಾನು ತಡವಾಗಿ ಎದ್ದೆ. ಅವಳ ಮನೆಯಲ್ಲಿ ಅನ್ನ ಸೀಯುತ್ತಿತ್ತು, ಒಗೆದ ಬಟ್ಟೆ ಹಗ್ಗದ ಮೇಲೇ ಮಳೆಗೆ ನೆನೆಯುತ್ತಿತ್ತು. ಒಂದು ಕೆಲಸ ಕೈಬಿಟ್ಟದ್ದೇ, ಉಳಿದವೂ ದಾರಿ ತಪ್ಪಿದ್ದವು.

ಎರಡು ವಾರವಾದ ಮೇಲೆ ಒಂದು ಮಧ್ಯಾಹ್ನ ನಾರಾಯಣಿ ಗಂಡನ ಹೆಗಲು ಹಿಡಿದು ಜೀಪಿನಿಂದ ಇಳಿದಳು. ಎರಡು ಹೆಜ್ಜೆಯಿಟ್ಟು ನಿಂತಳು.

“ಇದೇನು, ಅಂಗಳವೋ ಕಾಡೋ?”

ಆಚೆ ಮನೆಗೆ ಕೇಳಿಸುವ ಹಾಗೆ ಕುಂಞಿರಾಮನ್ ನಡೆದದ್ದನ್ನೆಲ್ಲ ಹೇಳಿದ. ಕೇಳಿ ಮುಗಿಸಿ ನಾರಾಯಣಿ, “ನೀವು ಸುಮ್ಮನಿರಿ. ಮೂರು ದಿನದ ಕಸ ಹಾಗೇ ಬಿಟ್ಟು ಬಂದೆನಲ್ಲಾ ಅಂತ ಆಸ್ಪತ್ರೇಲಿ ನನಗೆ ನಿದ್ದೆ ಬಂದಿಲ್ಲ” ಎಂದಳು. ಆಮೇಲೆ ಉಸಿರು ಸೇರಿಸಿಕೊಂಡು ಕೂಗಿದಳು: “ಎಡೀ, ರೋಹಿಣೀ!”

ರೋಹಿಣಿ ಹೊಸ್ತಿಲಿಗೆ ಬಂದಳು.

“ಅರ್ಧ ಗುಡಿಸಿ ಬಿಟ್ಟದ್ದೇಕೆ? ನಿಮ್ಮಮ್ಮ ಕೆಲಸ ಕಲಿಸಿದ್ದು ಹೀಗೇನಾ?”

“ಏಡತ್ತೀ, ಅದು ನಿಮ್ಮ ಪಾಲು...”

“ಪಾಲಂತೆ, ಪಾಲು! ಮೂರು ತಿಂಗಳು ಬಗ್ಗಬಾರದು ಅಂದಿದ್ದಾರೆ ಡಾಕ್ಟರು. ಅಲ್ಲೀವರೆಗೆ ಎಲೆಗಳಿಗೆ ನೀನು ಪಾಲಿನ ಲೆಕ್ಕ ಹೇಳಿಕೊಡ್ತೀಯಾ?”

ರೋಹಿಣಿ ಅಳುತ್ತಲೇ ಪೊರಕೆ ತಂದಳು. ನಾರಾಯಣಿ ಜಗಲಿಯಲ್ಲಿ ಕಂಬಕ್ಕೆ ಒರಗಿ ಕುಳಿತಳು.

“ಮೊದಲು ನೀರು ಚಿಮುಕಿಸೇ. ಧೂಳೆಲ್ಲ ನನ್ನ ಮೂಗಿಗೆ.”

“ನನಗೆ ಗುಡಿಸೋದು ಕಲಿಸಬೇಡಿ, ಏಡತ್ತಿ” ಎಂದು ರೋಹಿಣಿ ಸೆರಗಿನಿಂದ ಮೂಗೊರಸಿಕೊಂಡಳು. “ಹೊಟ್ಟೆಗೆ ಹೊಲಿಗೆ ಹಾಕಿದವರು ಬಾಯಿಗೂ ಎರಡು ಹಾಕಿ ಕಳಿಸಬೇಕಿತ್ತು.”

ನಾರಾಯಣಿಗೆ ನಗು ಬಂತು. ಹೊಲಿಗೆ ಎಳೆದು ನೋಯಿತೆಂದು ಹೊಟ್ಟೆ ಹಿಡಿದುಕೊಂಡು, ಇನ್ನೂ ನಕ್ಕಳು.