ಗ್ಯಾಸ್ಟ್ರಿಕ್ ಮಾತ್ರೆ

ಕಾಕನ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಸಣ್ಣವರಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಹೋದದ್ದಂತೆ. ಆ ಬೋಳು ಬೆರಳಿನಿಂದಲೇ ಮಾತ್ರೆಗಳನ್ನು ಹಳೆ ಪೇಪರಿನ ತುಂಡಿನಲ್ಲಿ ಸುತ್ತಿ, ಅಂಚು ಒತ್ತಿ ಕೊಡುತ್ತಿದ್ದರು. ಜ್ವರ, ಕೆಮ್ಮಿನ ಔಷಧಿಗೆಲ್ಲ ಈ ಉಪಚಾರ ಇರಲಿಲ್ಲ, ಮನಸ್ಸಿನ ಕಾಯಿಲೆಯ ಮಾತ್ರೆಗಳಿಗೆ ಮಾತ್ರ. ಕೊಡುವಾಗ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಒಂದು ಮಾತು: "ಗ್ಯಾಸ್ಟ್ರಿಕ್‌ದು. ಊಟ ಆದ ಮೇಲೆ."

ಸಿದ್ಧಕಟ್ಟೆಯಲ್ಲಿ ಅವರದು ಮೆಡಿಕಲ್ ಶಾಪ್. ಬ್ಯಾರಿ ಮುಸ್ಲಿಮರು, ನಾವೆಲ್ಲ ಕಾಕ ಎನ್ನುತ್ತಿದ್ದೆವು. ನಮ್ಮ ಮನೆ ಇದ್ದದ್ದು ಮೂಡುಬಿದಿರೆಯಲ್ಲಿ, ಬಸದಿಗೆ ಹತ್ತಿರ. ಗೇಟು ದಾಟಿದರೆ ಅಲ್ಲೇ ಮೆಡಿಕಲ್ ಇತ್ತು. ಆದರೂ ನನ್ನ ಮಾವನ, ಅಂದರೆ ಅಮ್ಮನ ಅಣ್ಣನ, ಮಾತ್ರೆ ತರಲು ನಾನು ಬಸ್ಸು ಹತ್ತಿ ಸಿದ್ಧಕಟ್ಟೆಗೇ ಹೋಗಬೇಕು. ಅದು ನಮ್ಮ ಸೀಮೆಯ ಕ್ರಮ. ಮೂಡುಬಿದಿರೆಯವರು ಸಿದ್ಧಕಟ್ಟೆಗೆ, ಬಂಟ್ವಾಳದವರು ಬೆಳ್ತಂಗಡಿಗೆ, ಬೆಳ್ತಂಗಡಿಯವರು ಮೂಡುಬಿದಿರೆಗೆ. ಗುರುತಿನವರ ಕಣ್ಣಿಗೆ ಬೀಳಬಾರದಲ್ಲ! ಬಸ್ಸಿನವರಿಗೆ ಒಳ್ಳೆ ವ್ಯಾಪಾರ.

ಮಾವ ವರ್ಷದಲ್ಲಿ ಕೆಲವು ತಿಂಗಳು ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಮ್ಮದು ಅಳಿಯಕಟ್ಟಿನ ಜೈನ ಮನೆತನ. ಕಾನೂನು ಬದಲಾದರೂ, ಮನೆಯಾಗಲಿ ಹೆಸರಾಗಲಿ ತಾಯಿಯ ಕಡೆಯಿಂದಲೇ ಬರುವುದೆಂಬ ಎಣಿಕೆ ತಲೆಯಿಂದ ಹೋಗಿರಲಿಲ್ಲ. ಹಾಗಾಗಿ ಮಾವನ ಕಾಯಿಲೆಯೂ ಸೋದರ ಸೊಸೆಯಾದ ನನಗೇ ಬರತಕ್ಕದ್ದೆಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಮಾವನ ಸ್ವಂತ ಮಕ್ಕಳು ಬಚಾವ್, ಅವರು ಅವರ ತಾಯಿಯ ಕುಟುಂಬಕ್ಕೆ ಸೇರಿದವರು! ನಾನು ಬೆಳಿಗ್ಗೆ ಏಳುವುದು ಸ್ವಲ್ಪ ತಡವಾದರೆ ಅಮ್ಮ ಬಾಗಿಲಲ್ಲಿ ನಿಂತು ಮುಖ ನೋಡುತ್ತಿದ್ದರು. ನಾನು ಅತ್ತರಂತೂ ಇಡೀ ಮನೆಯೇ ಗಪ್‌ಚುಪ್. ಹೆಣ್ಣು ನೋಡಲು ಬಂದವರು ನನ್ನನ್ನು ಬಿಟ್ಟು, ಮಾವ ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಆ ಕಾಯಿಲೆ ನನಗೂ ಬಂದೇ ಬಂತು. ತಲೆ ಬಾಚಿಕೊಳ್ಳುವುದೂ ಬೇಡವೆನಿಸುತ್ತಿತ್ತು. ಡಾಕ್ಟರ ಹತ್ತಿರ ಹೋಗುವ ಹಾಗಿಲ್ಲ, ಹೋದರೆ ಮನೆಯವರ ಮಾತನ್ನು ನಾನೇ ನಿಜ ಮಾಡಿದ ಹಾಗೆ. ಮಾವನ ಚೀಟಿ ತೋರಿಸಿ ಹೆಚ್ಚಿಗೆ ಮಾತ್ರೆ ತಂದು ಗುಟ್ಟಾಗಿ ನುಂಗತೊಡಗಿದೆ.

ಕಾಕನಿಗೆ ಗೊತ್ತಾಗಲು ಹೆಚ್ಚು ಸಮಯ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ತುಳುವಿನಲ್ಲಿ ಮಾತಾಡುತ್ತಿದ್ದವರು ಕನ್ನಡಕ್ಕೆ ತಿರುಗಿದರು. ಗಂಭೀರ ವಿಷಯಕ್ಕೆ ಅವರಿಗೆ ಕನ್ನಡವೇ ಆಗಬೇಕು.

"ಮಾತ್ರೆ ನುಂಗುವುದು ಮಾವನಾ, ನೀನಾ?"

ನಾನು ತಲೆ ತಗ್ಗಿಸಿದೆ.

"ಇನ್ನು ಆ ಚೀಟಿಗೆ ನಿನ್ನ ಕೈಯಲ್ಲಿ ಕೊಡುವುದಿಲ್ಲ ಮಗಳೇ. ನೀನೇ ಡಾಕ್ಟ್ರಿಗೆ ತೋರಿಸಿ ಬಾ."

"ತೋರಿಸಿದ್ರೆ ನನ್ನ ಕತೆ ಮುಗೀತು ಕಾಕ. ನಮ್ಮ ಮನೆಯ ರಕ್ತದಲ್ಲೇ ಉಂಟು ಇದು."

ಅವರು ನಕ್ಕುಬಿಟ್ಟರು. ನನಗೆ ಸಿಟ್ಟೇ ಬಂತು.

"ನೀವು ಜೈನರು ನಿಮ್ಮ ರಕ್ತದಲ್ಲಿ ಉಂಟು ಅಂತೀರಿ. ಬಂಟ್ರು ಅವರದ್ದರಲ್ಲಿ ಅಂತಾರೆ, ಕ್ರಿಶ್ಚಿಯನ್ನರು ಅವರದ್ದರಲ್ಲಿ ಅಂತಾರೆ. ಎಲ್ಲರಿಗೂ ಸುತ್ತಿ ಕೊಡುವುದು ನಾನೇ ಅಲ್ವಾ ಮಾರಾಯ್ತಿ? ಅದೇ ಮಾತ್ರೆ!"

"ಹಾಗಾದ್ರೆ ರಕ್ತದಲ್ಲಿ ಬರುವುದಿಲ್ವಾ?"

"ಬರುವುದೂ ಉಂಟಂತೆ. ಬಂದೇ ಬರ್ತದೆ ಅಂತ ಇಲ್ಲ ಅಂತಾರೆ ಡಾಕ್ಟ್ರು. ನಿಮ್ಮ ಅಳಿಯಕಟ್ಟು ಕೇಳಿಕೊಂಡು ಬರ್ತದಾ ಅದು?"

ಆಮೇಲೆ ಅಂಗಿಯ ಕಿಸೆಯಿಂದ ಒಂದು ಪೇಪರ್ ಪೊಟ್ಟಣ ತೆಗೆದು ಬಿಡಿಸಿ ನನ್ನ ಮುಂದಿಟ್ಟರು. ಮಾವನ ಮಾತ್ರೆಯೇ.

"ನಂದು," ಎಂದರು. "ಬೆಳ್ತಂಗಡಿಯಿಂದ ತರ್ತೇನೆ."

"ಅಂಗಡಿಯಲ್ಲೇ ಉಂಟಲ್ಲ ಕಾಕ?"

"ಸಂಜೆ ಇಲ್ಲಿ ಹೆಂಡತಿಯ ಅಣ್ಣ ಕೂತುಕೊಳ್ತಾನೆ. ಕಮ್ಮಿಯಾದ್ರೆ ಯಾರಿಗೆ ಕೊಟ್ಟದ್ದು ಅಂತ ಕೇಳ್ತಾನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಗಳಿದ್ದಾಳೆ, ನಾಳೆ ಅವಳಿಗೆ ಮದುವೆ ಆಗಬೇಕು. ಇದು ನಮ್ಮೊಳಗೇ ಇರಲಿ."

ಕಪಾಟು ತುಂಬ ಮಾತ್ರೆ ಇಟ್ಟುಕೊಂಡು ಬೆಳ್ತಂಗಡಿ ಬಸ್ಸು ಹತ್ತುವ ಮನುಷ್ಯ! ಮೊದಲು ನಗು ಬಂತು, ಹಿಂದೆಯೇ ಅಳು. ಅವರು ಫ್ಯಾನು ಜೋರು ಮಾಡಿ, ನನ್ನ ಅಳು ಮುಗಿಯುವವರೆಗೆ ರಸ್ತೆ ನೋಡುತ್ತ ಕೂತರು. ಯಾರೂ ನನ್ನ ಮುಖ ಪರೀಕ್ಷೆ ಮಾಡದೆ ನಾನು ಅತ್ತದ್ದು ಎಷ್ಟೋ ವರ್ಷಗಳ ನಂತರ.

ಮರುವಾರ ಮಂಗಳೂರಿನ ಡಾಕ್ಟರಿಗೆ ತೋರಿಸಿದೆ. ತಂದೆಯ ಕಡೆಯಲ್ಲಿ ಯಾರಿಗಾದರೂ ಇತ್ತೇ ಎಂದು ಅವರು ಕೇಳಿದರು. ನಮ್ಮ ಮನೆಯಲ್ಲಿ ಆ ಪ್ರಶ್ನೆ ಯಾರಿಗೂ ಹೊಳೆದೇ ಇರಲಿಲ್ಲ, ನನಗೂ. ವಿಷಯ ತಿಳಿದ ಮೇಲೆ ಮನೆಯವರು ಹೇಳುವುದನ್ನೆಲ್ಲ ಹೇಳಿದರು. ಸಂಬಂಧಗಳು ಬರುವುದು ನಿಂತಿತು. ಆದರೆ ನಾನು ಬದುಕಿದೆ. ತಿಂಗಳಿಗೊಮ್ಮೆ ನನ್ನದೇ ಹೆಸರಿನ ಚೀಟಿ ಹಿಡಿದು ಹೋಗುತ್ತಿದ್ದೆ. ಕಾಕ ಗಂಭೀರವಾಗಿ ಸುತ್ತಿಕೊಟ್ಟು, "ಗ್ಯಾಸ್ಟ್ರಿಕ್‌ದು" ಎಂದು ಕಣ್ಣಲ್ಲೇ ನಗುತ್ತಿದ್ದರು. ನನ್ನನ್ನು ಗುಟ್ಟಿನಿಂದ ಬಿಡಿಸಿದವರು ತಾವು ಮಾತ್ರ ಬೆಳ್ತಂಗಡಿ ಬಸ್ಸು ಬಿಡಲಿಲ್ಲ.

ಕೆಲವು ವರ್ಷಗಳ ನಂತರ ಅವರು ಹೃದಯಾಘಾತದಿಂದ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು ಅತ್ತರು.

"ಗ್ಯಾಸ್ಟ್ರಿಕ್ ಒಂದು ಬಿಟ್ರೆ ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ."

ನಾನು ಹೌದು ಎಂದೆ.

ಕಾಲೇಜಿಗೆ ಹೋಗುತ್ತಿದ್ದ ಮಗಳು ಗೇಟಿನವರೆಗೆ ಬಂದಳು. ಒಂದು ಸಲ ಹಿಂದೆ ತಿರುಗಿ ನೋಡಿ, ಸಣ್ಣ ಸ್ವರದಲ್ಲಿ ಕೇಳಿದಳು:

"ಅಕ್ಕ, ಬಾಪ ಕೆಲವು ಸಲ ಬೆಳಿಗ್ಗೆ ಎದ್ದೇಳ್ತಿರಲಿಲ್ಲ. ಕೇಳಿದ್ರೆ ಗ್ಯಾಸ್ಟ್ರಿಕ್ ಅಂತಿದ್ರು. ನನಗೂ ಹಾಗೇ ಆಗ್ತದೆ, ಅವರು ಹೋಗುವ ಮೊದಲಿಂದಲೂ. ಏನೂ ಬೇಡ ಅನ್ನಿಸ್ತದೆ. ಅವರ ಮಾತ್ರೆ ಸ್ವಲ್ಪ ಉಳಿದಿದೆ. ಅಮ್ಮನಿಗೆ ಗೊತ್ತಾಗದ ಹಾಗೆ ನಾನು ತೆಗೊಳ್ಬಹುದಾ?"

ನಮ್ಮೊಳಗೇ ಇರಲಿ ಎಂದಿದ್ದರು ಕಾಕ. ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಹೋಗಲಿ ಎಂದು ಕೈ ಬೀಸಿದೆ.

"ಅವರದ್ದು ತೆಗೊಳ್ಬೇಡ. ನೀನೇ ಡಾಕ್ಟ್ರಿಗೆ ತೋರಿಸಬೇಕು. ನಾನೂ ಬರ್ತೇನೆ, ಒಟ್ಟಿಗೆ ಹೋಗುವ."

"ಗ್ಯಾಸ್ಟ್ರಿಕ್‌ಗೆ ಯಾಕಕ್ಕ ಡಾಕ್ಟ್ರು?"

ಬ್ಯಾಗಿನಿಂದ ನನ್ನ ಮಾತ್ರೆಯ ಪೊಟ್ಟಣ ತೆಗೆದು ಪೇಪರು ಬಿಡಿಸಿದೆ. ಕಾಕ ಸುತ್ತಿಕೊಟ್ಟ ಕೊನೆಯ ಪೊಟ್ಟಣ ಅದು. ಮಾತ್ರೆಯನ್ನು ಅವಳ ಅಂಗೈಯಲ್ಲಿಟ್ಟೆ.

"ಇದು ನಂದು," ಎಂದೆ. "ನಿನ್ನ ಬಾಪನದ್ದೂ ಇದೇ."