ಎದುರು ತಂಡದ ಕೋಚ್ ನನ್ನ ಅಣ್ಣ

ನನ್ನ ಗಂಡನ ಊರು ಬೈಲಹೊಂಗಲ. ಅವರಿಗೆ ಫುಟ್‌ಬಾಲ್ ಎಂದರೆ ಉಣ್ಣುವ ತಾಟು ಬಿಟ್ಟು ಓಡುವಷ್ಟು ಹುಚ್ಚು. ನನ್ನ ಅಣ್ಣ ರಾಮದುರ್ಗದ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕ, ಆ ಊರಿನ ತಂಡಕ್ಕೆ ಕೋಚ್. ಎರಡೂ ಊರುಗಳು ಎದುರಾದಾಗಲೆಲ್ಲ ನನಗೆ ಇಕ್ಕಟ್ಟು. ಯಾರು ಗೆದ್ದರೂ ಒಬ್ಬರಿಗೆ ಸಮಾಧಾನ ಹೇಳುವ ಕೆಲಸ ನನ್ನದೇ.

ನಮ್ಮ ತವರು ಕಿತ್ತೂರಿನ ಹತ್ತಿರದ ದೇಗಾಂವ. ಅಜ್ಜ ಪೂಜೆ ಮಾಡಿಕೊಂಡು, ಪುರಾಣ ಹೇಳಿಕೊಂಡು ಬಾಳಿದವರು. ಅಣ್ಣ ಸಂಧ್ಯಾವಂದನೆಯ ಹೊತ್ತಿಗೆ ಚೆಂಡಿನ ಹಿಂದೆ ಓಡಿಹೋದವನು. ಮನೆಯಲ್ಲಿ ಯಾರೂ ಅವನನ್ನು ತಡೆಯಲಿಲ್ಲ, ಹೊಗಳಲೂ ಇಲ್ಲ. ಅಪ್ಪನಿಂದ ಅವನಿಗೆ ಬಂದದ್ದು ಸಕ್ಕರೆ ಕಾಯಿಲೆ. ಮೂವತ್ತು ದಾಟುವ ಮೊದಲೇ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು. ಈ ವಿಷಯವನ್ನು ಅವನು ತಂಡದವರಿಗೆ ಹೇಳಿರಲಿಲ್ಲ. "ಆಡೋ ಹುಡುಗರ ಮುಂದ ರೋಗದ ಮಾತು ಯಾಕ" ಎನ್ನುತ್ತಿದ್ದ.

ಹೋದ ಚಳಿಗಾಲ ಎರಡೂ ತಂಡಗಳು ಯರಗಟ್ಟಿಯಲ್ಲಿ ಸೆಮಿಫೈನಲ್ ಆಡಿದವು. ನಾನು ಗಂಡನ ಜೊತೆ ಸ್ಕೂಟರ್ ಮೇಲೆ ಹೋಗಿದ್ದೆ. ಮೈದಾನದ ಸುತ್ತ ಜನವೋ ಜನ. ಹೆಂಗಸರು ಎಂದರೆ ನಾವು ನಾಲ್ಕೈದು ಮಂದಿ. ಬೈಲಹೊಂಗಲದವರ ನಡುವೆ ನನಗೊಂದು ಕುರ್ಚಿ ಸಿಕ್ಕಿತು. ಅಣ್ಣ ಎದುರಿನ ದಂಡೆಯಲ್ಲಿದ್ದ. ಅಷ್ಟು ದೂರದಿಂದ ಅವನ ನೀಲಿ ಟೀ ಶರ್ಟು ಮಾತ್ರ ಕಾಣುತ್ತಿತ್ತು. ಮ್ಯಾಚಿಗೆ ಮೊದಲು ಫೋನ್ ಮಾಡಿದ್ದೆ. ದಾರಿಯಲ್ಲಿ ಗಾಡಿ ಕೆಟ್ಟು ತಡವಾಯಿತು, ಆಮೇಲೆ ಮಾತಾಡುತ್ತೇನೆ ಎಂದು ಇಟ್ಟುಬಿಟ್ಟಿದ್ದ.

ಮೊದಲರ್ಧ ರಾಮದುರ್ಗದ ಹುಡುಗರು ನಮ್ಮವರನ್ನು ಕಟ್ಟಿಹಾಕಿಬಿಟ್ಟರು. ಅವರ ಎಡಗಡೆಯ ಒಬ್ಬ ಫಾರ್ವರ್ಡ್ ಒಂದು ಗೋಲನ್ನೂ ಹೊಡೆದ. ನನ್ನ ಗಂಡ ತುಟಿ ಕಚ್ಚಿಕೊಂಡು ಕೂತರು. ನಾನು ಒಳಗೊಳಗೇ ಹಿಗ್ಗಿದೆ, ಮುಖದಲ್ಲಿ ತೋರಿಸಲಿಲ್ಲ.

ಹಾಫ್‌ಟೈಮ್ ಆದ ಮೇಲೆ ಏನೋ ಕೆಟ್ಟಿತು. ಅಣ್ಣ ಗೋಲು ಹೊಡೆದ ಆ ಹುಡುಗನನ್ನೇ ಹೊರಗೆ ಕರೆದ. ಹುಡುಗ ಸೊಂಟದ ಮೇಲೆ ಕೈ ಇಟ್ಟು ನಿಂತೇ ಇದ್ದ, ತನ್ನನ್ನೇ ಕರೆದದ್ದು ಎಂದು ಅವನಿಗೆ ನಂಬಿಕೆ ಬರಲಿಲ್ಲ. ಹಿಂದೆ ಕಾಯುವವರನ್ನೆಲ್ಲ ಅಣ್ಣ ಮುಂದೆ ಕಳಿಸಿದ. ನಮ್ಮವರು ಸರಾಗವಾಗಿ ನುಗ್ಗಿ ಒಂದು ಗೋಲು ಹೊಡೆದರು, ಸ್ವಲ್ಪ ಹೊತ್ತಿಗೆ ಇನ್ನೊಂದು. ಆಟ ನಡೆದಿರುವಾಗಲೇ ನೀಲಿ ಟೀ ಶರ್ಟು ಮೈದಾನದೊಳಗೆ ಬಂತು. ರೆಫರಿ ಅವನ ಮುಂದೆ ಕೆಂಪು ಕಾರ್ಡು ಎತ್ತಿದ.

"ನಿಮ್ಮಣ್ಣಗ ಏನಾಗ್ಯದ ಇವತ್ತು?" ಎಂದರು ಗಂಡ.

ನನಗೆ ಗೊತ್ತಿರಲಿಲ್ಲ. ಸೋಲಿನ ಸಿಟ್ಟು ಇರಬೇಕೆಂದುಕೊಂಡೆ. ಆದರೆ ಸಿಟ್ಟು ಬಂದಾಗ ಅವನು ಮಾತು ಬಿಟ್ಟು ಸುಮ್ಮನಾಗುವವನು.

ಮ್ಯಾಚ್ ಮುಗಿದಾಗ ಮೈದಾನಕ್ಕೆ ನುಗ್ಗಿದ ಜನರಲ್ಲಿ ಅವನು ಎಲ್ಲೂ ಕಾಣಲಿಲ್ಲ. ಫೋನ್ ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ. "ಸೋತಾನ, ಈಗ ಮಾತಾಡ್ಲಿಕ್ಕೆ ಮನಸ್ಸಿರಂಗಿಲ್ಲ. ಚಾ ಕುಡದು ಹೋಗೋಣು, ಗದ್ದಲ ಕಡಿಮಿ ಆಗ್ಲಿ" ಎಂದು ಗಂಡ ಬಸ್ ಸ್ಟ್ಯಾಂಡ್ ಎದುರಿನ ಚಹಾ ಅಂಗಡಿಗೆ ಕರೆದುಕೊಂಡು ಹೋದರು.

ಅಂಗಡಿಯ ತುಂಬ ಬೈಲಹೊಂಗಲದವರೇ. ಎಲ್ಲರ ಬಾಯಲ್ಲೂ ರಾಮದುರ್ಗದ ಕೋಚ್.

"ನಮಗ ಇವತ್ತು ಹನ್ನೆರಡನೇ ಆಟಗಾರ ಅವನ ನೋಡ್ರಿ" ಎಂದ ಒಬ್ಬ. ಎಲ್ಲರೂ ನಕ್ಕರು.

"ಸೊಕ್ಕು. ಒಂದು ಗೋಲ್ ಆದಕೂಡ್ಲೆ ತಲಿ ತಿರಗೇತಿ ಅವಂಗ" ಎಂದ ಇನ್ನೊಬ್ಬ.

ಗಂಡ ನನ್ನ ಮೊಣಕೈ ಮುಟ್ಟಿ, ಸುಮ್ಮನಿರು ಎನ್ನುವಂತೆ ನೋಡಿದರು. ನಾನು ಚಹಾದ ಲೋಟ ಹಿಡಿದುಕೊಂಡು ಕೂತೆ.

ಪಕ್ಕದ ಬೆಂಚಿನಲ್ಲಿ ಹತ್ತಿ ವ್ಯಾಪಾರದ ಒಬ್ಬ ಹಿರಿಯರು ಕೂತಿದ್ದರು. ಬೈಲಹೊಂಗಲದ ಯಾವ ಮ್ಯಾಚನ್ನೂ ತಪ್ಪಿಸದವರು. ಮಾತು ಜೋರು, ದನಿ ಇನ್ನೂ ಜೋರು. "ಸೊಕ್ಕಲ್ಲೋ ಅದು" ಎಂದರು ಅವರು. "ನಾ ಅವರ ಬೆಂಚಿನ ಹಿಂದನ ನಿಂತಿದ್ದೆ. ಕುಡದಿದ್ದ. ಫಸ್ಟ್ ಹಾಫ್‌ನ್ಯಾಗ ಎಂಥಾ ಬುದ್ಧಿವಂತ ಅನಿಸ್ತು. ಆಮ್ಯಾಲೆ ಬ್ಯಾರೆ ಮನಷ್ಯಾನ ಆದ. ಇಷ್ಟು ಥಂಡಿ ಐತಿ, ಅವನ ಮೈಯಿಂದ ಬೆವರು ಸುರೀತಿತ್ತು. ಕೈ ನಡಗತಿದ್ವು. ನಾಲಿಗಿ ಹೊಳ್ಳವಲ್ದು. ತನ್ನ ಗೋಲ್‌ಕೀಪರ್ ಕಡೆ ನೋಡಿ, ನೀ ಯಾವ ಊರಾಂವಪಾ ಅಂತ ಕೇಳಿದ."

ಮತ್ತೆ ನಗು. ನನಗೆ ಮಾತ್ರ ಅಂಗಡಿಯ ಸದ್ದೆಲ್ಲ ಒಮ್ಮೆಲೇ ದೂರ ಸರಿದ ಹಾಗಾಯಿತು. ಅಪ್ಪ ದೇಗಾಂವದ ಅಡುಗೆಮನೆಯಲ್ಲಿ ಹೀಗೆಯೇ ಬೆವರಿ, ತೊದಲಿ, ಅವ್ವನನ್ನು ಯಾರು ನೀನು ಎಂದು ಕೇಳಿದ್ದರು. ಅಣ್ಣ ಇನ್ಸುಲಿನ್ ಚುಚ್ಚಿಕೊಂಡಿದ್ದಾನೆ, ಗಾಡಿ ಕೆಟ್ಟ ಗಡಿಬಿಡಿಯಲ್ಲಿ ಉಂಡಿಲ್ಲ.

ಎದ್ದು ಅವರ ಮುಂದೆ ನಿಂತೆ. "ಅವ ನಮ್ಮಣ್ಣ ಇದ್ದಾನ್ರಿ. ಕುಡದಿಲ್ಲ, ಕುಡಿಯೂದೂ ಇಲ್ಲ. ಶುಗರ್ ಇಳದದ ಅವಗ. ನೀವು ಅವನ್ನ ಕಡೀಕ ಎಲ್ಲಿ ನೋಡಿದ್ರಿ?"

ಹಿರಿಯರ ಮುಖದ ನಗು ಹಾಗೆಯೇ ನಿಂತು, ಆಮೇಲೆ ಇಳಿಯಿತು.

"ಕಾರ್ಡ್ ಕೊಟ್ಟ ಮ್ಯಾಲೆ ಮಾರ್ಕೆಟ್ ಯಾರ್ಡ್ ಕಡೆ ಹೊಂಟಿದ್ದ ಅಕ್ಕಾರ" ಎಂದರು. "ಅವನ ಹುಡುಗ್ರು ಸಿಟ್ಟಿನ್ಯಾಗ ಗಾಡಿ ಹತ್ತಿ ಹೋಗಿಬಿಟ್ರು. ಕೋಚ್ ಇಲ್ಲದನ ಹೋದ್ರು ಅಂತ ನಾವೂ ನಕ್ಕಿವಿ."

ಗಂಡ ಅಷ್ಟರಲ್ಲಿ ಸ್ಕೂಟರ್ ಶುರು ಮಾಡಿದ್ದರು. ನಾನು ಅಂಗಡಿಯವನನ್ನು ಕೇಳಿ ಒಂದು ಕಾಗದದಲ್ಲಿ ಸಕ್ಕರೆ ಕಟ್ಟಿಸಿಕೊಂಡೆ, ಒಂದು ತಂಪು ಪಾನೀಯದ ಬಾಟಲಿ ತೆಗೆದುಕೊಂಡೆ. ಹಿರಿಯರು ತಮ್ಮ ಬೈಕ್ ಹತ್ತಿ ನಮ್ಮ ಹಿಂದೆಯೇ ಬಂದರು.

ಸಂಜೆಯ ಬೆಳಕು ಇನ್ನೂ ಇತ್ತು. ಯಾರ್ಡಿನ ತುಂಬ ಗೋವಿನಜೋಳದ ಚೀಲಗಳ ಅಟ್ಟಿ. ಒಂದೊಂದು ಅಟ್ಟಿಯ ಹಿಂದೆ ಹೋಗಿ ನೋಡುವಾಗಲೂ ಅವನು ಅಲ್ಲಿರಲಿ ಎಂದೂ, ಬಿದ್ದಿರದಿರಲಿ ಎಂದೂ ಬೇಡಿಕೊಳ್ಳುತ್ತಿದ್ದೆ. ರಸ್ತೆಯಲ್ಲಿ ಬೆಳಗಾವಿ ಬಸ್ಸು, ಲಾರಿಗಳು ಒಂದರ ಹಿಂದೆ ಒಂದು. ಆ ಕಡೆ ನಡೆದುಹೋಗಿದ್ದರೆ ಎಂಬ ಯೋಚನೆ ಬಂದು ರಸ್ತೆಯ ಅಂಚಿನವರೆಗೂ ಹೋಗಿ ನೋಡಿ ಬಂದೆ. ರಾಮದುರ್ಗದಿಂದ ಅತ್ತಿಗೆಯ ಫೋನ್ ಬಂತು. ಏನೆಂದು ಹೇಳಲಿ? ಎತ್ತದೆ ಹಾಗೆಯೇ ಹಿಡಿದುಕೊಂಡೆ.

ಹಿರಿಯರೇ ಅವನನ್ನು ಕಂಡದ್ದು. ಮುಚ್ಚಿದ ಒಂದು ಅಂಗಡಿಯ ಕಟ್ಟೆಗೆ ಒರಗಿ ಅಣ್ಣ ನೆಲದ ಮೇಲೆ ಕೂತಿದ್ದ. ಟೀ ಶರ್ಟು ನೀರಲ್ಲಿ ಅದ್ದಿ ತೆಗೆದ ಹಾಗಿತ್ತು. ಕಣ್ಣು ತೆರೆದಿದ್ದವು, ಆದರೆ ನನ್ನ ಮೇಲೆ ನಿಲ್ಲುತ್ತಿರಲಿಲ್ಲ.

"ಅಣ್ಣಾ" ಎಂದೆ.

"ಯಾರ್ರಿ ನೀವು? ದೂರ ಸರೀರಿ" ಎಂದು ನನ್ನ ಕೈ ತಳ್ಳಿದ.

ಒಡಹುಟ್ಟಿದವನ ಬಾಯಿಂದ ಬಂದ ಆ "ರಿ" ನನ್ನನ್ನು ಹೆದರಿಸಿದಷ್ಟು ಬೇರೆ ಯಾವುದೂ ಹೆದರಿಸಲಿಲ್ಲ. ನನಗೆ ಬಾಟಲಿಯ ಮುಚ್ಚಳ ತೆಗೆಯಲಾಗಲಿಲ್ಲ. ಗಂಡ ತೆಗೆದುಕೊಟ್ಟರು. ಅವನು ಬಾಯಿ ಬಿಗಿಹಿಡಿದು ಮುಖ ತಿರುಗಿಸಿದ. ಆಗ ಹಿರಿಯರು ಅವನ ಮುಂದೆ ಮಂಡಿಯೂರಿ, "ಸರ್, ಎರಡು ಗುಟುಕು ಕುಡೀರಿ. ಹುಡುಗ್ರು ಮೈದಾನದಾಗ ನಿಮ್ಮ ಹಾದಿ ನೋಡಾಕ ಹತ್ಯಾರ" ಎಂದರು. ಸುಳ್ಳು. ಆದರೆ ಅಣ್ಣ ಬಾಟಲಿಗೆ ಬಾಯಿ ಹಚ್ಚಿದ. ನುಂಗುತ್ತಿದ್ದಾನೆ ಎಂದು ಖಾತ್ರಿಯಾದ ಮೇಲೆ ಸಕ್ಕರೆಯನ್ನೂ ಚೂರುಚೂರೇ ಬಾಯಿಗೆ ಹಾಕಿದೆ.

ಕಾದೆವು. ಅವನ ಅಂಗೈ ಒತ್ತಿ ಹಿಡಿದುಕೊಂಡಿದ್ದೆ, ಅದು ನಿಧಾನಕ್ಕೆ ಬೆಚ್ಚಗಾಯಿತು. ಕಣ್ಣು ಮೊದಲು ಬಾಟಲಿಯ ಮೇಲೆ, ಆಮೇಲೆ ನನ್ನ ಮೇಲೆ ನಿಂತಿತು.

"ನೀ ಯಾವಾಗ ಬಂದಿ?" ಎಂದ. ಆಮೇಲೆ, "ಮ್ಯಾಚ್ ಏನಾತು?"

ನಾನು ಗಂಡನ ಕಡೆ ನೋಡಿದೆ. ಗಂಡ ನೆಲ ನೋಡಿದರು.

"ನಾವು ಗೆದ್ವಿರಿ ಸರ್" ಎಂದರು ಹಿರಿಯರು, ಮೆಲ್ಲಗೆ.

ಅಣ್ಣ ಅವರ ಕಡೆ ತಿರುಗಿದ. "ಹಂಗಾರ ನೀವು ಬೈಲಹೊಂಗಲದಾವ್ರು" ಎಂದ.

ಸಮೀಪದ ದವಾಖಾನೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಸ್ವಲ್ಪ ತಡವಾಗಿದ್ದರೆ ಪ್ರಜ್ಞೆ ತಪ್ಪುತ್ತಿತ್ತು ಎಂದರು. ಅತ್ತಿಗೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನನ್ನು ಬಾಡಿಗೆ ಕಾರಿನಲ್ಲಿ ಬೈಲಹೊಂಗಲಕ್ಕೆ, ನಮ್ಮ ಮನೆಗೇ ಕರೆತಂದೆವು.

ನಾವು ಮನೆ ಮುಟ್ಟುವ ಹೊತ್ತಿಗೆ ಒಂದು ವಿಡಿಯೋ ಎಲ್ಲ ಕಡೆ ಓಡಾಡುತ್ತಿತ್ತು. ಅಣ್ಣ ಗೋಲು ಹೊಡೆದ ಹುಡುಗನನ್ನು ಹೊರಗೆ ಕರೆಯುವುದು, ತೂರಾಡುತ್ತ ರೆಫರಿಯ ಕಡೆ ಹೋಗುವುದು, ಅದರ ಕೆಳಗೆ "ರಾಮದುರ್ಗದ ಕುಡುಕ ಕೋಚ್". ಹತ್ತಿ ವ್ಯಾಪಾರದ ಆ ಹಿರಿಯರು ಬೈಲಹೊಂಗಲದ ಬೆಂಬಲಿಗರ ವಾಟ್ಸಾಪ್ ಗುಂಪಿನಲ್ಲಿ ತಮ್ಮ ದೊಡ್ಡ ದನಿಯಲ್ಲೇ ಮಾತು ಕಳಿಸಿದರು. "ಅವ ಕುಡದಾನ ಅಂತ ಮೊದಲ ಅಂದಾಂವ ನಾನು. ಆ ಮಾತು ಖೊಟ್ಟಿ ಐತಿ. ಆ ಮನಷ್ಯಾಗ ಆರಾಮ ಇರಲಿಲ್ಲ. ವಿಡಿಯೋ ತಗೀರಿ." ಕೆಲವರು ತೆಗೆದರು. ಕೆಲವರು, ಅವನ ತಂಗಿ, ತಂಗಿಯ ಗಂಡ ನಮ್ಮೂರವರು, ಅದಕ್ಕೇ ಮುಚ್ಚಿ ಹಾಕುತ್ತಿದ್ದಾರೆ ಎಂದರು. ಇವತ್ತಿಗೂ ಹಾಗೆ ನಂಬಿದವರಿದ್ದಾರೆ. ಸಂತೆಯಲ್ಲಿ ಯಾರಾದರೂ ನನ್ನ ಕಡೆ ನೋಡಿ ಪಿಸುಗುಟ್ಟಿದರೆ ಮುಂದಿನ ಅಂಗಡಿಗೆ ಸರಿದುಬಿಡುತ್ತೇನೆ.

ಮರುದಿನ ಮುಂಜಾನೆ ಅಣ್ಣ ಅವಲಕ್ಕಿ ತಿಂದು ಮುಗಿಸಿ, "ಆ ವಿಡಿಯೋ ತೋರ್ಸು" ಎಂದ. ಬೇಡ ಎಂದೆ. ಕೇಳಲಿಲ್ಲ. ದ್ವಿತೀಯಾರ್ಧದ ಒಂದು ಗಳಿಗೆಯೂ ಅವನಿಗೆ ನೆನಪಿರಲಿಲ್ಲ. ಫೋನನ್ನು ಕಣ್ಣ ಹತ್ತಿರ ಹಿಡಿದು, ಯಾರೋ ಬೇರೆಯವರನ್ನು ನೋಡುವ ಹಾಗೆ ನೋಡಿದ. ಮುಗಿದ ಮೇಲೆ ಮೊದಲಿನಿಂದ ಮತ್ತೆ ಹಾಕಿದ.

"ಆ ಎಡಗಡಿ ಹುಡುಗನ್ನ ನಾನ ತಗದೆ?" ಎಂದು ಕೇಳಿದ.

"ಹೂಂ."

"ಗೋಲ್ ಹೊಡದವನ್ನ?"

ತಲೆಯಾಡಿಸಿದೆ. ಜನರ ಬೈಗುಳದ ಬಗ್ಗೆ ಅವನು ಏನೂ ಅನ್ನಲಿಲ್ಲ. ಅವನ ಮುಖ ಕಪ್ಪಿಟ್ಟದ್ದು ಆ ಹುಡುಗನ ಸಲುವಾಗಿ. ತಾನು ಮಾಡಿದ ತಪ್ಪೇನು ಎಂದು ಆ ಹುಡುಗ ರಾತ್ರಿಯೆಲ್ಲ ಯೋಚಿಸಿರಬೇಕು ಎಂದ. ಆಮೇಲೆ ತನ್ನ ಫೋನ್ ತೆಗೆದು, ಪಡಸಾಲೆ ದಾಟಿ ಅಂಗಳಕ್ಕೆ ಹೋದ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. "ನಿನ್ನ ತಪ್ಪೇನೂ ಇಲ್ಲಪಾ. ನನಗ ಶುಗರ್ ಅದ. ನಿನ್ನೆ ಇಳದಿತ್ತು. ನಿಮಗ ಯಾರಿಗೂ ಹೇಳಿರಲಿಲ್ಲ, ಈಗ ಹೇಳಲಿಕ್ಕೆ ಹತ್ತೇನಿ." ಆ ಕಡೆಯವನು ಬಹಳ ಹೊತ್ತು ಏನೋ ಹೇಳುತ್ತಿದ್ದ. ಅಣ್ಣ ತುಳಸಿಕಟ್ಟೆಯ ಮೇಲೆ ಕೂತು, ಹೂಂ, ಹೂಂ ಎನ್ನುತ್ತ ಕೇಳುತ್ತಿದ್ದ.