ಹೆಸರುಕಾಳಿಗೆ ಎಷ್ಟು ಮಿಲಿಮೀಟರ್?

ಸಾಗರದ ನಮ್ಮ ಪಾದ ತಪಾಸಣೆ ಕೋಣೆಯಲ್ಲಿ ನನ್ನ ಕುರ್ಚಿಯ ಹಿಂದೆ ಒಂದು ಪಟ ತೂಗುತ್ತಿತ್ತು. ಪಾದ ಚಿಕಿತ್ಸೆ ಮಾಡುವವರ ಸಂಘವೊಂದು ಕಳಿಸಿದ ಕಾಗದ ಅದು. ಮೇಲೆ ಇಂಗ್ಲಿಷ್ ಅಕ್ಷರ, ಕೆಳಗೆ ಕೆಂಪು ಮುದ್ರೆ, ನಡುವೆ ನನ್ನ ಹೆಸರು. ನನ್ನ ಯಜಮಾನರದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಮದುವೆ ಫೋಟೋಗೆಂದು ತರಿಸಿಟ್ಟಿದ್ದ ಬಂಗಾರದ ಬಣ್ಣದ ಪಟ್ಟಿಯನ್ನು ಕತ್ತರಿಸಿ ಅದಕ್ಕೆ ಕಟ್ಟು ಹಾಕಿ, ತಾವೇ ಬಂದು ಮೊಳೆ ಹೊಡೆದು ಹೋಗಿದ್ದರು.

ನಾನು ಡಾಕ್ಟರಲ್ಲ, ನರ್ಸು. ಆಸ್ಪತ್ರೆ ವಾರ್ಡಿನಲ್ಲಿ ಬಹಳ ವರ್ಷ ಡ್ರೆಸ್ಸಿಂಗ್ ಮಾಡಿ, ಆಮೇಲೆ ಒಂದು ಟ್ರಸ್ಟಿನ ಕೆಲಸಕ್ಕೆ ಸೇರಿದೆ. ಸೋಮವಾರ ಸಾಗರ, ಬುಧವಾರ ಹೊಸನಗರ, ಶುಕ್ರವಾರ ತೀರ್ಥಹಳ್ಳಿ. ಮೂರು ಊರಲ್ಲಿ ಮೂರು ಸಣ್ಣ ಕೋಣೆ. ಬರುವವರು ಬಹುಪಾಲು ಸಕ್ಕರೆ ಕಾಯಿಲೆಯವರು. ಅವರ ಪಾದಕ್ಕೆ ಸ್ಪರ್ಶ ಕಮ್ಮಿ. ಚಪ್ಪಲಿಯೊಳಗೆ ಕಲ್ಲು ಹೊಕ್ಕರೂ ಸಂಜೆವರೆಗೆ ಗೊತ್ತಾಗುವುದಿಲ್ಲ. ನೈಲಾನ್ ಎಳೆಯಿಂದ ಬೆರಳು ಮುಟ್ಟಿ ಗೊತ್ತಾಗುತ್ತದಾ ಎಂದು ಕೇಳುವುದು, ಪಾದದ ಮೇಲೆ ನಾಡಿ ಹಿಡಿಯುವುದು, ಆಣಿ ಕೆರೆಯುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ನನ್ನ ಕೆಲಸ. ಕೈಮೀರಿದ್ದನ್ನು ಟ್ರಸ್ಟಿನ ಡಾಕ್ಟರಿಗೆ ತೋರಿಸುತ್ತೇನೆ.

ಒಂದು ಸೋಮವಾರ ಕಾರ್ಗಲ್ಲಿನಿಂದ ಒಬ್ಬ ಹಿರಿಯರು ಬಂದರು. ವಿದ್ಯುತ್ ಯೋಜನೆಯಲ್ಲಿ ಲೈನ್ ಕೆಲಸ ಮಾಡಿ ನಿವೃತ್ತರಾದವರು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ದಪ್ಪ ಆಣಿ. ಕಾಲನ್ನು ಸ್ಟೂಲಿನ ಮೇಲಿಟ್ಟವರ ಕಣ್ಣು ಗೋಡೆಗೆ ಹೋಯಿತು. ಕನ್ನಡಕ ಏರಿಸಿ ಪಟವನ್ನು ಓದಿದರು.

"ಸಿಸ್ಟರ್, ಇದು ಸೇರಿದ್ದಾ, ಪಾಸಾಗಿದ್ದಾ?"

ಅಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. "ಸೇರಿದ್ದು," ಎಂದೆ. "ಅರ್ಜಿ ಹಾಕಿ, ಶುಲ್ಕ ಕಟ್ಟಿದ್ರೆ ಮೆಂಬರ್ ಮಾಡ್ಕೋತಾರೆ. ಪತ್ರಿಕೆ ಕಳಿಸ್ತಾರೆ, ಸಭೆಗೆ ಕರೀತಾರೆ."

"ಹಂಗಾದ್ರೆ ಇದು ನಮ್ಮ ಯೂನಿಯನ್ ಕಾರ್ಡ್ ಇದ್ದಂಗೆ. ಯೂನಿಯನ್ನಿಗೆ ನಾವೆಲ್ಲ ಮೆಂಬರ್ರೇ, ಕ್ಯಾಂಟೀನಲ್ಲಿ ಚಾ ಕೊಡೋನೂ ಮೆಂಬರ್ರು. ಆದ್ರೆ ಲೈನ್ ಮುಟ್ಟಕ್ಕೆ ಪರ್ಮಿಟ್ ಬೇಕು. ಪರ್ಮಿಟ್ಟಿಗೆ ಪರೀಕ್ಷೆ ಕೊಡ್ಬೇಕು." ಕಾಲನ್ನು ಮೆತ್ತಗೆ ಹಿಂದಕ್ಕೆಳೆದುಕೊಂಡರು. "ಬೇಜಾರ್ ಮಾಡ್ಕಬೇಡಿ. ನೋಡಿ, ತೊಳೀರಿ, ಔಷಧಿ ಹಚ್ಚಿ. ಬ್ಲೇಡ್ ಮಾತ್ರ ಬೇಡ."

ಬೇಜಾರಾಗಲಿಲ್ಲ ಎಂದರೆ ಸುಳ್ಳು. ಬ್ಲೇಡ್ ಹಿಡಿದು ಎಷ್ಟು ಆಣಿ ತೆಗೆದಿದ್ದೇನೆಂದು ಲೆಕ್ಕವಿಟ್ಟವಳಲ್ಲ ನಾನು. ಆದರೂ ಅವರು ಹೋದ ಮೇಲೆ ಪಟದ ಎದುರು ನಿಂತೆ. ಅದನ್ನು ತೋರಿಸಿ ನಾನು ಯಾವತ್ತೂ ಸುಳ್ಳು ಹೇಳಿರಲಿಲ್ಲ. ಆದರೆ ಅದನ್ನು ನೋಡಿ ಜನ "ಓಹೋ, ದೊಡ್ಡ ಪರೀಕ್ಷೆ ಮಾಡಿದಾರೆ" ಅಂದಾಗ ಅಲ್ಲ ಎಂದೂ ಹೇಳಿರಲಿಲ್ಲ. ಮೊಳೆಯಿಂದ ಪಟ ಬಿಚ್ಚಿ ಕಪಾಟಿನಲ್ಲಿಟ್ಟೆ. ಗೋಡೆಯಲ್ಲಿ ಮೊಳೆ ಉಳಿಯಿತು.

ಡಾಕ್ಟರಿಗೆ ಹೇಳಿದರೆ ಅವರು ನಗಲಿಲ್ಲ. "ನಾನೇ ನಿಮ್ಮತ್ರ ಮಾತಾಡ್ಬೇಕು ಅಂತಿದ್ದೆ," ಎಂದರು. ಬರುವ ವರ್ಷದಿಂದ ಪಾದದ ಕೋಣೆಯನ್ನು ಪರೀಕ್ಷಾ ಮಂಡಳಿಯ ಸರ್ಟಿಫಿಕೇಟ್ ಇದ್ದವರೇ ನೋಡಿಕೊಳ್ಳಬೇಕು ಎಂದು ಟ್ರಸ್ಟ್ ತೀರ್ಮಾನಿಸಿತ್ತಂತೆ. ಅಂಥವರು ಸಿಗದಿದ್ದರೆ ಮೂರೂ ಕೋಣೆ ಮುಚ್ಚಿ, ರೋಗಿಗಳನ್ನು ಶಿವಮೊಗ್ಗಕ್ಕೆ ಕಳಿಸುವುದು.

"ಸಂಘಕ್ಕೂ ಮಂಡಳಿಗೂ ಏನು ವ್ಯತ್ಯಾಸ ಸಾರ್?"

"ಸಂಘ ನಿಮ್ಮನ್ನ ಒಳಗೆ ಕರ್ಕೊಳತ್ತೆ. ಮಂಡಳಿ ನಿಮ್ಮನ್ನ ಅಳೆಯತ್ತೆ. ಡಾಕ್ಟರ್‌ಗಳಿಗೆ ಬೇರೆ, ನರ್ಸ್‌ಗಳಿಗೆ ಬೇರೆ ಪರೀಕ್ಷೆ ಇದೆ, ಆದ್ರೆ ಕ್ರಮ ಒಂದೇ. ಮೊದಲು ಬರವಣಿಗೆ. ಆಮೇಲೆ ನೀವೇ ನೋಡಿದ ರೋಗಿಗಳ ದಾಖಲೆ ಕಳಿಸ್ಬೇಕು. ಅದು ಒಪ್ಪಿಗೆಯಾದ್ರೆ ಎದುರು ಕೂರಿಸ್ಕೊಂಡು ಪರೀಕ್ಷೆ. ಪಾಸಾದ್ರೂ ಜೀವಮಾನಕ್ಕಲ್ಲ, ಕೆಲವು ವರ್ಷಕ್ಕೊಮ್ಮೆ ನವೀಕರಿಸ್ಬೇಕು."

ಆ ಬುಧವಾರ ಹೊಸನಗರದಲ್ಲಿ, ವಾರ ತಪ್ಪದೆ ಬರುವ ಹೆಗಡೆಯವರ ಮನೆ ಅಜ್ಜಿಗೆ ಡ್ರೆಸ್ಸಿಂಗ್ ಮಾಡುತ್ತ ಈ ವಿಷಯ ಹೇಳಿದೆ. ಅಜ್ಜಿ ಕೇಳಿದ್ದು ಒಂದೇ.

"ಮಂಡಳಿನೋ ಕಿಂಡಳಿನೋ, ಅದೆಂತದೋ ಯಂಗೆ ಗೊತ್ತಿಲ್ಲೆ. ಈ ಕಾಲು ಹಿಡ್ಕಂಡು ಶಿವಮೊಗ್ಗದ ಬಸ್ಸು ಹತ್ತಲೆ ಆಗ್ತಿಲ್ಲೆ. ಕೋಣೆ ಮುಚ್ಚಿರೆ ಎಂಗೊ ಎಲ್ಲಿಗೆ ಹೋಪದು ತಂಗಿ?"

ಪುಸ್ತಕ ತರಿಸಿದೆ. ಐವತ್ತು ದಾಟಿದ ತಲೆಗೆ ಪಾದದ ಇಪ್ಪತ್ತಾರು ಮೂಳೆಗಳ ಹೆಸರು ಇಳಿಯಲು ಒಂದು ತಿಂಗಳು ಬೇಕಾಯಿತು. ದೋಸೆ ಹೊಯ್ಯುತ್ತ ಒಂದು ಮೂಳೆ, ಬಸ್ಸಿನಲ್ಲಿ ಎರಡು. ಬರವಣಿಗೆ ಪರೀಕ್ಷೆಯನ್ನು ಮೊದಲ ಸಲಕ್ಕೇ ದಾಟಿಕೊಂಡೆ. ಮುಂದಿನದು ನನಗೆ ಸಲೀಸು ಅಂದುಕೊಂಡಿದ್ದೆ. ಏಕೆಂದರೆ ದಾಖಲೆ ಎನ್ನುವುದು ನನ್ನಲ್ಲಿ ರಾಶಿ ಇತ್ತು. ಒಬ್ಬೊಬ್ಬ ರೋಗಿಗೆ ಒಂದೊಂದು ನೋಟ್‌ಬುಕ್. ಯಾವ ಕಾಲು, ಯಾವ ಬೆರಳು, ಗಾಯದ ಅಂಚು ಹೇಗಿದೆ, ವಾಸನೆ ಇದೆಯೋ ಇಲ್ಲವೋ, ಏನು ಹಾಕಿಕೊಂಡು ಬಂದರು, ಗದ್ದೆಗೆ ಬರಿಗಾಲಲ್ಲಿ ಇಳಿದರೋ ಎಂಬುದೆಲ್ಲ ಅದರಲ್ಲಿದೆ. ಹನ್ನೆರಡು ಜನರ ದಾಖಲೆ ಆರಿಸಿ, ಹೆಸರಿನ ಕಡೆ ಮುಚ್ಚಿ, ಜೆರಾಕ್ಸ್ ಮಾಡಿಸಿ ಕಳಿಸಿದೆ.

ಮೂರು ವಾರಕ್ಕೆ ಅಷ್ಟೂ ವಾಪಸ್ಸು ಬಂತು. ಜೊತೆಗೊಂದು ಸಾಲು: ಗಾಯದ ಅಳತೆ ಯಾವ ಮಾನದಲ್ಲಿದೆ, ತಿಳಿಸಿ. ತಿಳಿಸದಿದ್ದರೆ ದಾಖಲೆ ಪರಿಗಣಿಸಲಾಗದು.

ನಾನು ಅಳತೆ ಬರೆದದ್ದು ಕಾಳಿನಲ್ಲಿ. ಕವಲೇದುರ್ಗದ ಕೆಳಗಿನ ಊರಿನ ರೈತರೊಬ್ಬರ ನೋಟ್‌ಬುಕ್ ಹೀಗಿತ್ತು: ಮೊದಲ ಶುಕ್ರವಾರ, ಎಡ ಹಿಮ್ಮಡಿ, ಅರ್ಧ ಅಡಿಕೆಯಷ್ಟು. ಮೂರನೆಯ ಶುಕ್ರವಾರ, ಕಡಲೆ. ಐದನೆಯದು, ಹೆಸರುಕಾಳು. ಏಳನೆಯದು, ಸಾಸಿವೆ. ಎಂಟನೆಯದು, ಮುಚ್ಚಿದೆ.

ಇದು ಸೋಮಾರಿತನದಿಂದ ಬಂದ ರೂಢಿಯಲ್ಲ. ಗಾಯವನ್ನು ವಾರಕ್ಕೊಮ್ಮೆ ನೋಡುವವಳು ನಾನು, ಉಳಿದ ಆರು ದಿನ ನೋಡುವವರು ಮನೆಯವರು. ಎಂಟು ಮಿಲಿಮೀಟರ್ ಎಂದರೆ ಸೊಸೆಗೆ ಏನೂ ತಿಳಿಯದು. "ಕಡಲೆ ಹೋಗಿ ಹೆಸರುಕಾಳಾಗ್ಬೇಕು, ಕಡಲೆ ಅಡಿಕೆ ಆಯ್ತೋ, ತಕ್ಷಣ ಫೋನ್ ಮಾಡಿ" ಎಂದರೆ ಅಡುಗೆಮನೆಯಲ್ಲಿ ನಿಂತೇ ಅಳೆಯುತ್ತಾಳೆ. ಮೂರು ತಾಲ್ಲೂಕಿನಲ್ಲೂ ಈ ಅಳತೆ ನಡೆಯುತ್ತಿತ್ತು. ಮಂಡಳಿಯ ಮೇಜಿನ ಮೇಲೆ ನಡೆಯಲಿಲ್ಲ.

ಭಾನುವಾರ ಬೆಳಿಗ್ಗೆ ಕಾಗದದ ಕಟ್ಟನ್ನು ಹಿಡಿದು ಯಜಮಾನರ ಅಂಗಡಿಗೆ ಹೋದೆ. ಗಾಜು ಅಳೆಯುವ ಉಕ್ಕಿನ ಸ್ಕೇಲು ಅವರ ಬಳಿ ಇತ್ತು. ನಾನು ಮನೆಯಿಂದ ಕಾಳು ಕಟ್ಟಿಕೊಂಡು ಹೋಗಿದ್ದೆ.

"ಎಂತ ಮಾರಾಯ್ತಿ, ಅಂಗಡೀಲಿ ಉಸಲಿ ಮಾಡ್ತೀಯಾ?"

"ಹೆಸರುಕಾಳಿಗೆ ಎಷ್ಟು ಮಿಲಿಮೀಟರ್, ಹೇಳಿ ನೋಡಣ."

ಅವರು ಹತ್ತು ಕಾಳನ್ನು ಗಾಜಿನ ಮೇಲೆ ಅಡ್ಡಡ್ಡಲಾಗಿ ಸಾಲಿಟ್ಟು, ಸ್ಕೇಲು ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಹತ್ತಕ್ಕೆ ಸೇರಿ ನಲವತ್ತು, ಒಂದಕ್ಕೆ ನಾಲ್ಕು. ಕಡಲೆಗೆ ಬಂದಾಗ ತಡೆದರು. "ನೆನೆಸಿದ್ದೋ, ಒಣಗಿದ್ದೋ? ನೆನೆಸಿದ್ರೆ ನಿನ್ನ ರೋಗೀ ಗಾಯ ರಾತ್ರೋರಾತ್ರಿ ಡಬ್ಬಲ್ಲು!"

"ಒಣಗಿದ್ದು. ಯಾವಾಗ್ಲೂ ಒಣಗಿದ್ದೇ."

"ಹಂಗಾದ್ರೆ ಎಂಟು. ಸರಿ ಬಿಡು, ಸುಲಭ ಆಯ್ತು. ಕಡಲೆ ಅಂತಿದ್ದಲ್ಲೆಲ್ಲ ಎಂಟು ಅಂತ ಬರ್ದು ಹೊಸದಾಗಿ ಕಾಪಿ ಮಾಡು. ಯಾರಿಗೆ ಗೊತ್ತಾಗತ್ತೆ?"

ಪೆನ್ನು ಕೈಯಲ್ಲೇ ಇತ್ತು. ಹನ್ನೆರಡು ನೋಟ್‌ಬುಕ್ ಹೊಸದಾಗಿ ಬರೆಯಲು ಎರಡು ದಿನ ಸಾಕಿತ್ತು. ಆದರೆ ಆ ಶುಕ್ರವಾರ ಆ ಹಿಮ್ಮಡಿಗೆ ನಾನು ಸ್ಕೇಲು ಹಿಡಿದಿರಲಿಲ್ಲ. ಗೋಡೆ ಮೇಲಿನ ಪಟ ಇಳಿಸಿದವಳು ಇನ್ನೊಂದು ಅಂಥದೇ ಪಟ ಯಾಕೆ ಏರಿಸಬೇಕು?

"ಅವತ್ತು ಅಳೆದಿದ್ದು ಕಾಳಲ್ಲಿ," ಎಂದೆ. "ಕಾಳಲ್ಲೇ ಹೋಗ್ಲಿ."

ಯಜಮಾನರು ಕಟ್ಟಿನ ಹಿಂದೆ ಕೊಡುವ ದಪ್ಪ ರಟ್ಟನ್ನು ಚೌಕವಾಗಿ ಕತ್ತರಿಸಿ ಮುಂದಿಟ್ಟರು. ಅದರ ಮೇಲೆ ಸಾಸಿವೆ, ಹೆಸರುಕಾಳು, ಕಡಲೆ, ಅರ್ಧ ಅಡಿಕೆಯನ್ನು ಪಾರದರ್ಶಕ ಟೇಪಿನಲ್ಲಿ ಅಂಟಿಸಿದೆವು. ಪ್ರತಿಯೊಂದರ ಪಕ್ಕ ಅಳತೆ ಬರೆದು, ಕೆಳಗೆ ಸೇರಿಸಿದೆ: ಇದು ಅಂದಾಜು, ಗಾಯಗಳನ್ನು ಸ್ಕೇಲಿನಲ್ಲಿ ಅಳೆದಿಲ್ಲ. ಇನ್ನು ಮುಂದೆ ಎರಡನ್ನೂ ಬರೆಯುತ್ತೇನೆ. ಅಂದಿನಿಂದ ನಾಲ್ಕು ತಿಂಗಳು ಸ್ಕೇಲು ಹಿಡಿದು ಹೊಸದಾಗಿ ಬರೆದ ಆರು ಜನರ ದಾಖಲೆಯನ್ನೂ ಹಳೆಯದರ ಜೊತೆ ಸೇರಿಸಿ ಕಳಿಸಿದೆ. ವರ್ಷ ಮುಗಿಯಲು ಎರಡು ತಿಂಗಳಿದ್ದಾಗ ಎದುರು ಪರೀಕ್ಷೆಗೆ ಮಂಗಳೂರಿಗೆ ಬರಲು ಕರೆ ಬಂತು.

ಪರೀಕ್ಷಕಿ ನನಗಿಂತ ಬಹಳ ಚಿಕ್ಕವರು, ಪಾದ ಚಿಕಿತ್ಸೆಯ ಡಾಕ್ಟರ್. ಅವರ ಮೇಜಿನ ಮೇಲೆ ನಮ್ಮ ರಟ್ಟು ಇತ್ತು. ಟೇಪಿನ ಕೆಳಗೆ ಸಾಸಿವೆಯ ಜಾಗ ಖಾಲಿ.

"ಸಾಸಿವೆ ಬಿದ್ದೋಗಿದೆ ಅಮ್ಮ," ಎಂದರು.

"ಪರವಾಗಿಲ್ಲ ಡಾಕ್ಟ್ರೇ, ಅದು ವಾಸಿಯಾಗಕ್ಕೆ ಬಂದಿದ್ದ ಗಾಯ," ಎಂದುಬಿಟ್ಟೆ. ಅವರು ಮುಖ ತಗ್ಗಿಸಿ ನಗು ತಡೆದುಕೊಂಡದ್ದನ್ನು ಕಂಡೆ.

ಆಮೇಲೆ ನಗುವಿರಲಿಲ್ಲ. ಒಬ್ಬ ರೋಗಿಯನ್ನು ಕೂರಿಸಿ, ಅಂಗಾಲಿನ ಗಾಯ ತೋರಿಸಿ, ಸ್ಕೇಲು ಮುಟ್ಟದೆ ಅಳತೆ ಹೇಳಿ ಎಂದರು.

"ಕಡಲೆಗಿಂತ ಚೂರು ದೊಡ್ಡದು. ಒಂಬತ್ತು ಮಿಲಿಮೀಟರ್."

ಅವರು ಅಳತೆ ಪಟ್ಟಿ ಇಟ್ಟು ನೋಡಿ ಏನನ್ನೋ ಬರೆದುಕೊಂಡರು. "ಆಯ್ತು. ಮತ್ತೇನಾದ್ರೂ?"

ಕೈಯಲ್ಲಿ ಕಾಲು ಇದ್ದಾಗ ನನಗೆ ಹೆದರಿಕೆ ಇರುವುದಿಲ್ಲ. ನಾಡಿ ನೋಡಿದೆ. ಎಳೆಯಿಂದ ಮುಟ್ಟಿದೆ. ಒಂದೊಂದೇ ಬೆರಳು ಅಗಲಿಸಿದೆ. ನಾಲ್ಕನೆಯದಕ್ಕೂ ಕಿರುಬೆರಳಿಗೂ ನಡುವೆ, ಚರ್ಮ ಬೆಳ್ಳಗೆ ನೆನೆದ ಕಡೆ, ಇನ್ನೊಂದು ಗಾಯ ಅಡಗಿತ್ತು.

"ಇಲ್ಲೊಂದಿದೆ. ಹೆಸರುಕಾಳು. ನಾಲ್ಕು ಮಿಲಿಮೀಟರ್. ನನ್ನ ಪ್ರಕಾರ ದೊಡ್ಡದಕ್ಕಿಂತ ಇದನ್ನ ಮೊದ್ಲು ನೋಡ್ಬೇಕು. ಇದು ರೋಗಿಗೂ ಕಾಣಲ್ಲ, ಮನೆಯವ್ರಿಗೂ ಕಾಣಲ್ಲ."

ಕೊನೆಗೆ ಅವರು ಒಂದೇ ಪ್ರಶ್ನೆ ಕೇಳಿದರು. "ಸಂಘದ ಮೆಂಬರ್‌ಶಿಪ್ ಇದ್ಯಲ್ಲ. ಈ ವಯಸ್ಸಲ್ಲಿ ಪರೀಕ್ಷೆ ಯಾಕೆ ಬೇಕಿತ್ತು?"

ಕಾರ್ಗಲ್ಲಿನವರ ಯೂನಿಯನ್ ಕಾರ್ಡಿನ ಕತೆ ಹೇಳಿದೆ. ಪರೀಕ್ಷಕಿ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

ಫಲಿತಾಂಶ ಬಂದದ್ದು ಒಂದು ಬುಧವಾರ. ಹೊಸನಗರದ ಕೋಣೆಯಲ್ಲಿ ಅಜ್ಜಿಯ ಕಾಲು ನನ್ನ ಮಡಿಲಲ್ಲಿತ್ತು. ಕೈಗವಸು ಹಾಕಿದ್ದರಿಂದ ನನಗೆ ಫೋನ್ ಎತ್ತಲಾಗಲಿಲ್ಲ, ಅಜ್ಜಿಯೇ ಒತ್ತಿ ನನ್ನ ಕಿವಿಗೆ ಹಿಡಿದರು. ಡಾಕ್ಟರ್ ಹೇಳಿದ್ದು ಮೂರೇ ಮಾತು. "ಪಾಸಾದ್ರಿ ಸಿಸ್ಟರ್. ಮೂರೂ ಕೋಣೆ ಉಳೀತು. ಶುಕ್ರವಾರ ತೀರ್ಥಹಳ್ಳಿಗೆ ನಾನೂ ಬರ್ತೀನಿ." ಕೇಳಿಸಿಕೊಂಡ ಅಜ್ಜಿ ಕಾಲನ್ನು ಹಿಂದೆಗೆಯದೆ, ಹೊರಗೆ ಬೆಂಚಿನ ಮೇಲೆ ಸಾಲಾಗಿ ಕೂತಿದ್ದವರಿಗೆಲ್ಲ ಕೇಳುವಂತೆ ಕೂಗಿದರು. "ಕೋಣೆ ಮುಚ್ಚ್‌ತ್ವಿಲ್ಲೆ! ನಮ್ಮ ತಂಗಿ ಪಾಸಾತು!" ಬೆಂಚಿನವರು ಚಪ್ಪಾಳೆ ತಟ್ಟಿದರು. ಅದರಲ್ಲಿ ಅರ್ಧ ಜನಕ್ಕೆ ಯಾವ ಪರೀಕ್ಷೆ ಎಂದೂ ಗೊತ್ತಿರಲಿಲ್ಲ. ನಾನು ಬ್ಯಾಂಡೇಜ್ ಸುತ್ತುತ್ತ ಅತ್ತೆ. ಬ್ಯಾಂಡೇಜ್ ಸೊಟ್ಟಗಾಗಿ, ಬಿಚ್ಚಿ ಮತ್ತೆ ಸುತ್ತಬೇಕಾಯಿತು.

ಯಜಮಾನರು ಈ ಸಲ ಬಂಗಾರದ ಪಟ್ಟಿ ಹಾಕಲಿಲ್ಲ. ತೆಳ್ಳಗಿನ ತೇಗದ ಕಟ್ಟು ಹಾಕಿ ಅದೇ ಮೊಳೆಗೆ ತೂಗು ಬಿಟ್ಟರು. ಸಂಘದ ಪಟಕ್ಕೆ ಪಕ್ಕದಲ್ಲಿ ಬೇರೆ ಮೊಳೆ. ಅದರ ಕೆಳಗೆ ನಾನೇ ಚೀಟಿ ಬರೆದು ಅಂಟಿಸಿದೆ: ಇದು ಸೇರಿದ್ದು. ಇನ್ನೊಂದರ ಕೆಳಗೆ: ಇದು ಪಾಸಾಗಿದ್ದು.

ಮುಂದಿನ ಸೋಮವಾರ ಕಾರ್ಗಲ್ಲಿನ ಹಿರಿಯರು ಬಂದರು. ಇಷ್ಟು ತಿಂಗಳೂ ತಪ್ಪದೆ ಬರುತ್ತಿದ್ದರು, ತೊಳೆಸಿಕೊಂಡು ಔಷಧಿ ಹಚ್ಚಿಸಿಕೊಂಡು ಹೋಗುತ್ತಿದ್ದರು, ಆಣಿ ಮಾತ್ರ ಹಾಗೇ ಇತ್ತು. ಗೋಡೆಯ ಹತ್ತಿರ ಹೋಗಿ ಎರಡು ಚೀಟಿಯನ್ನೂ ಓದಿದರು. ತೇಗದ ಕಟ್ಟಿನ ಪಟದಲ್ಲಿ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು.

"ಇದಕ್ಕೂ ಅವಧಿ ಇದೆ."

"ಇದೆ. ಮುಗಿಯೋದ್ರೊಳಗೆ ನವೀಕರಿಸ್ಬೇಕು."

"ಸರಿಯಾದ ಪರ್ಮಿಟ್ಟೇ," ಎಂದರು. ಬಂದು ಕೂತು, ಷೂ ಬಿಚ್ಚಿ, ಕಾಲುಚೀಲ ಮಡಚಿ ಜೇಬಿಗಿಟ್ಟು, ಬಲಗಾಲನ್ನು ಸ್ಟೂಲಿನ ಮೇಲೆ ನೀಡಿದರು.

"ಇನ್ನು ಲೈನ್ ಮುಟ್ಟಿ ಸಿಸ್ಟರ್."

ಬ್ಲೇಡ್ ತೆಗೆದುಕೊಂಡೆ.